ಬೇಸ್‌ನವನ ಸರದಿ

ಬಸವೇಶ್ವರನಗರದ ಕೇಳುಗರ ಬಳಗದಲ್ಲಿ ಯಾರೂ ಹಾಡುವುದಿಲ್ಲ, ಯಾರೂ ನುಡಿಸುವುದಿಲ್ಲ. ಬರೀ ಕೇಳುತ್ತಾರೆ. ತಿಂಗಳ ಎರಡನೇ ಭಾನುವಾರ ಬೆಳಿಗ್ಗೆ ಹತ್ತಕ್ಕೆ ವಾಚನಾಲಯದ ಮೇಲಿನ ಹಾಲ್‌ನಲ್ಲಿ ಮೂವತ್ತು ಚಿಲ್ಲರೆ ಜನ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಕೂರುತ್ತಾರೆ. ಹಳೆಯ ಹನ್ನೆರಡು ಮಂದಿ ಸದಸ್ಯರಿಗೆ ವರ್ಷಕ್ಕೊಂದೊಂದು ಸರದಿ. ಸರದಿ ಬಂದವರು ತಮಗೆ ಇಷ್ಟವಾದ ಸಂಗೀತವನ್ನು ಇಪ್ಪತ್ತು ನಿಮಿಷ ಕೇಳಿಸಬೇಕು, ಮಿಕ್ಕವರು ಕೇಳಬೇಕು. ಆಮೇಲೆ ಅಡುಗೆಯ ಪುಟ್ಟಲಕ್ಷ್ಮಿ ಮಾಡಿದ ಖಾರಾಬಾತ್ ಮತ್ತು ಕಾಫಿ. ಕೆಲವರು ಖಾರಾಬಾತ್‌ಗೋಸ್ಕರವೇ ಬರುತ್ತಾರೆ, ಅದನ್ನು ಮುಚ್ಚಿಡುವುದೂ ಇಲ್ಲ.

ಇದೇ ಹಾಲ್‌ನಲ್ಲಿ ಕಳೆದ ಏಪ್ರಿಲ್‌ನಲ್ಲಿ ಶಾಂತವ್ವನಿಗೆ ಅವಮಾನವಾಗಿತ್ತು. ಅವಮಾನ ಮಾಡಿದವರಿಗೆ ಮಾತ್ರ ಅದು ಗೊತ್ತೇ ಇರಲಿಲ್ಲ.

ಆವತ್ತು ಅವಳ ಸರದಿ, ಹಾಕಿದ್ದು ಜಾಝ್. ಪಿಯಾನೋ, ಬೇಸ್, ಡ್ರಮ್ಸ್, ಮೂರೇ ಜನ. ಬೇಸ್ ಎಂದರೆ ಆಳೆತ್ತರದ ಪಿಟೀಲಿನಂಥ ವಾದ್ಯ, ನಿಂತುಕೊಂಡು ಬೆರಳಿನಿಂದ ಮೀಟುತ್ತಾರೆ. ಮೊದಲ ನಾಲ್ಕು ನಿಮಿಷ ಎಲ್ಲ ಚೆನ್ನಾಗಿಯೇ ಇತ್ತು. ಬ್ಯಾಂಕಿನಿಂದ ನಿವೃತ್ತರಾದ ಲಕ್ಷ್ಮೀಪತಿ ಲೆಕ್ಕ ಹಿಡಿದು ತೊಡೆಯ ಮೇಲೆ ತಾಳ ಹಾಕತೊಡಗಿದ್ದರು, ನಾಲ್ಕಾರು ತಲೆಗಳು ತೂಗುತ್ತಿದ್ದವು. ಆಮೇಲೆ ಪಿಯಾನೋ ನಿಂತಿತು. ಬೇಸ್‌ನವನು ಒಬ್ಬನೇ ಶುರುಮಾಡಿದ. ಅಷ್ಟೇ ಸಾಕಾಯಿತು, ಕುರ್ಚಿಗಳು ಕಿರ್ರೆಂದವು.

ಅದರಲ್ಲಿ ಅವರ ತಪ್ಪೇನೂ ಇಲ್ಲವೆನ್ನಿ. ಕಛೇರಿಯಲ್ಲಿ ಹಾಡುವವರು ಸುಮ್ಮನಾಗಿ ಮೃದಂಗದವರ ತನಿ ಆವರ್ತನ ಶುರುವಾಯಿತೆಂದರೆ ಬೆಂಗಳೂರಿನ ರಸಿಕರ ಕಾಲು ತಾನಾಗಿಯೇ ಕ್ಯಾಂಟೀನಿನ ಕಡೆ ತಿರುಗುತ್ತದೆ. ಐವತ್ತು ವರ್ಷ ರಾಮನವಮಿಯ ಪೆಂಡಾಲುಗಳಲ್ಲಿ ಪಳಗಿದ ಕಾಲುಗಳು ಅವು. ಬೇಸ್‌ನವನು ತನ್ನ ಮಾತು ಮುಗಿಸುವ ಹೊತ್ತಿಗೆ ಹಾಲ್‌ನಲ್ಲಿ ಹನ್ನೊಂದು ಜನ ಉಳಿದಿದ್ದರು. ಕಾರ್ಯದರ್ಶಿ ಗುರುಬಸಪ್ಪನವರು ಕಾಫಿ ಲೋಟ ಹಿಡಿದು ಬಾಗಿಲಲ್ಲಿ ಇಣುಕಿ, "ಮೇನ್ ಆರ್ಟಿಸ್ಟ್ ಮತ್ತೆ ಶುರು ಮಾಡಿದ್ರಾ?" ಎಂದು ಕೇಳಿದ್ದರು. ಕಾರ್ಯಕ್ರಮ ಮುಗಿದ ಮೇಲೆ, "ಚೆನ್ನಾಗಿತ್ತು ಮೇಡಂ, ದೊಡ್ಡ ಹೋಟೆಲ್ ಲಾಬೀಲಿ ಕೂತಂಗಿತ್ತು" ಎಂದೂ ಹೇಳಿದ್ದರು. ಬಳಗದ ದಾಖಲೆ ಪುಸ್ತಕದಲ್ಲಿ ಪಿಯಾನೋದವನ ಹೆಸರು ಬರೆದು, ಕೆಳಗೆ 'ಪಕ್ಕವಾದ್ಯ: ಇಬ್ಬರು' ಎಂದು ಸೇರಿಸಿದ್ದರು.

ಪಕ್ಕವಾದ್ಯ, ಇಬ್ಬರು. ಆ ಎರಡು ಪದ ಶಾಂತವ್ವನ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡವು. ಲಿಂಗಾಯತರ ಮನೆಯ ಹೆಂಗಸು ಮೀನು ತಿಂದವಳಲ್ಲ, ಆದರೂ ಹೀಗೇ ಇರಬೇಕು ಅಂದುಕೊಂಡಳು.

ಹದಿನಾರು ವರ್ಷ ಅವಳು ದೂರದೂರಿನ ಕರೆ ಜೋಡಿಸುವ ಟ್ರಂಕ್ ಬೋರ್ಡಿನಲ್ಲಿ ಕೆಲಸ ಮಾಡಿದವಳು. ಧಾರವಾಡದಿಂದ ಬಂದ ಹೊಸತರಲ್ಲೇ ಟೆಲಿಫೋನ್ ಎಕ್ಸ್‌ಚೇಂಜ್ ಸೇರಿ, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಊರೂರಿನ ಸಾವು, ಹೆರಿಗೆ, ಮದುವೆ ಮಾತುಕತೆಗಳನ್ನು ಜೋಡಿಸಿಕೊಟ್ಟವಳು. ಆ ಕಡೆಯವರ ದನಿ ಕೇಳಿಸದಿದ್ದರೆ, "ಅವರು ಹೇಳ್ತಾ ಇರೋದು ಹೀಗೆ" ಎಂದು ನಡುವೆ ನಿಂತು ದಾಟಿಸಿದ್ದೂ ಉಂಟು. ಮಾತಾಡುವವರು ಇಬ್ಬರು, ಮೂರನೆಯವಳು ಅವಳು. ಅವಳು ಕೈಬಿಟ್ಟರೆ ಆ ಇಬ್ಬರೂ ಇಲ್ಲ. ಆ ಹದಿನಾರು ವರ್ಷದಲ್ಲಿ ಒಬ್ಬರೂ ಅವಳ ಹೆಸರು ಕೇಳಲಿಲ್ಲ.

ಜಾಝ್ ಅವಳ ಮನೆಗೆ ಬಂದದ್ದು ತಂಗಿಯ ಮಗಳು ಅನಘಾಳ ಜೊತೆ. ನಾಗರಬಾವಿಯಲ್ಲಿ ಲಾ ಓದುವಾಗ ಆ ಹುಡುಗಿ ಮಾರೇನಹಳ್ಳಿಯಲ್ಲಿ ಶಾಂತವ್ವನ ಮನೆಯಲ್ಲೇ ಇದ್ದಳು, ಪರೀಕ್ಷೆಗೆ ಓದುವಾಗ ಸಣ್ಣಗೆ ಪಿಯಾನೋ ಹಾಕಿಕೊಳ್ಳುತ್ತಿದ್ದಳು. ಒಂದು ದಿನ ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಿದ್ದ ಶಾಂತವ್ವ ಎದ್ದು ಬಂದು, "ಅದ್ಯಾರೇ, ಹಿಂದೆ ಒಬ್ಬ ದಪ್ಪ ದನಿಯವ ಮಾತಾಡ್ತಾನಲ್ಲ?" ಎಂದಳು. ಅನಘಾಳಿಗೆ ಅಷ್ಟು ದಿನ ಅದು ಸರಿಯಾಗಿ ಕೇಳಿಸಿಯೇ ಇರಲಿಲ್ಲ. ಆವತ್ತಿನಿಂದ ಶಾಂತವ್ವ ಆ ದಪ್ಪ ದನಿಯವನ ಹಿಂದೆ ಬಿದ್ದಳು. ಅವನು ಪಿಯಾನೋದ ಕಾಲ ಕೆಳಗೆ ನೆಲ ಹಾಸಿಕೊಂಡು ಹೋಗುತ್ತಿದ್ದ. ಪಿಯಾನೋದವನು ಎಡವಿದಂತೆ ಮಾಡಿದಾಗ ಹಿಡಿಯುತ್ತಿದ್ದ. ಅವನು ತನ್ನವನೇ, ತನ್ನ ಇಲಾಖೆಯವನೇ ಎಂದು ಅವಳಿಗೆ ಅನ್ನಿಸಿಬಿಟ್ಟಿತು. ದೊಡ್ಡ ದೊಡ್ಡ ವಾದ್ಯವೃಂದಗಳು ಅವಳಿಗೆ ಹಿಡಿಸಲಿಲ್ಲ. ಅಷ್ಟು ಜನರ ಗದ್ದಲದಲ್ಲಿ ಯಾರ ಲೈನ್ ಯಾವುದೆಂದು ತಿಳಿಯುವುದಿಲ್ಲ ಎಂಬುದು ಅವಳ ದೂರು. ಮೂರು ಜನ, ಹೆಚ್ಚೆಂದರೆ ನಾಲ್ಕು. ಅಷ್ಟಿದ್ದರೆ ಒಬ್ಬೊಬ್ಬರ ಉಸಿರೂ ಕೇಳುತ್ತದೆ.

ಈ ವರ್ಷ ಮಾರ್ಚ್ ಸಭೆಯಲ್ಲಿ ಗುರುಬಸಪ್ಪನವರು ಗಂಟಲು ಸರಿಮಾಡಿಕೊಂಡರು.

"ಶಾಂತವ್ವ ಮೇಡಂ, ಬೇಜಾರು ಮಾಡ್ಕೋಬೇಡಿ. ಹೋದ್ಸಲ ಅರ್ಧಕ್ಕರ್ಧ ಜನ ಎದ್ದು ಹೋದ್ರು. ಈ ಸಲಾನೂ ಹಂಗೇ ಆದ್ರೆ, ಮುಂದಿನ ವರ್ಷದಿಂದ ನಿಮ್ಮ ಸರದೀಲಿ ವಚನ ಗಾಯನ ಹಾಕಿ. ಜನ ಕೂತ್ಕೊಂಡ್ರೆ ನಂದೇನೂ ತಕರಾರಿಲ್ಲ."

"ಕೂತ್ಕೊಂಡ್ರೆ ಪ್ರತಿ ವರ್ಷ ಹಾಕಬಹುದಾ?"

"ಧಾರಾಳವಾಗಿ."

"ಹಾಗಾದ್ರೆ ಆವತ್ತು ಫ್ಯಾನ್ ಆಫ್ ಮಾಡಿಸಿ. ಆ ಸದ್ದು ಬೇಸನ್ನ ನುಂಗಿಹಾಕುತ್ತೆ."

"ಏಪ್ರಿಲ್‌ನಲ್ಲಾ? ಫ್ಯಾನ್ ಇಲ್ಲ ಅಂದ್ರೆ ಮೊದ್ಲು ನಾನೇ ಬರಲ್ಲ!" ಎಂದರು ಗುರುಬಸಪ್ಪನವರು. ಎಲ್ಲರೂ ನಕ್ಕರು. ಶಾಂತವ್ವ ನಗಲಿಲ್ಲ. ಅವಳಿಗೆ ಹಟ ಹಿಡಿಯಿತು.

ಆ ರಾತ್ರಿ ಫೋನಿನಲ್ಲಿ ಅನಘಾ ಒಂದು ಉಪಾಯ ಹೇಳಿದಳು. ಅವಳೀಗ ವಕೀಲೆ, ಉಪಾಯಕ್ಕೆ ಬರಗಾಲವಿಲ್ಲ. "ಬೇಸ್ ಸೋಲೋ ಇಲ್ದಿರೋ ಟ್ರ್ಯಾಕ್ ಹಾಕು ದೊಡ್ಡವ್ವ. ಇಲ್ಲಾಂದ್ರೆ ಆ ಭಾಗ ನಾನೇ ಕಟ್ ಮಾಡಿ ಕೊಡ್ತೀನಿ. ಯಾರಿಗೂ ಗೊತ್ತಾಗಲ್ಲ."

ಸಿಟ್ಟು ಬಂದರೆ ಶಾಂತವ್ವನ ಬಾಯಿಗೆ ಧಾರವಾಡ ವಾಪಸ್ ಬರುತ್ತದೆ. "ಏನಂದಿ? ಹದಿನಾರು ವರ್ಷದಾಗ ಒಬ್ಬರ ಲೈನ್ ಕಟ್ ಮಾಡಿಲ್ಲ ನಾ. ಈಗ ಈ ಮಂದಿಯ ಕಾಫಿ ಸಲುವಾಗಿ ಮಾಡ್ಲೇನು?"

"ಸಾರಿ ಸಾರಿ," ಎಂದಳು ಅನಘಾ. "ಮತ್ತೇನು ಮಾಡ್ತೀಯ?"

ಅದು ಮಾತ್ರ ಶಾಂತವ್ವನಿಗೂ ಗೊತ್ತಿರಲಿಲ್ಲ. ಬಾಗಿಲಿಗೆ ಚಿಲಕ ಹಾಕಬಹುದು, ಕಾಫಿ ಮೊದಲೇ ಕೊಡಿಸಬಹುದು. ಆದರೆ ಕಟ್ಟಿಹಾಕಿ ಕೂರಿಸಿದರೆ ಅದು ಕೇಳಿದ ಹಾಗಾಯಿತೇ? ಅವಳು ತಿಂಗಳಿಡೀ, ದಿನಾ ತಿಂಡಿಯಾದ ಮೇಲೆ, ಒಂದೇ ರೆಕಾರ್ಡಿನ ಒಂದೇ ಬದಿಯನ್ನು ಹಾಕಿಕೊಂಡು ಕೂತಳು. ಮೂರು ಹಾಡು. ಎರಡನೆಯ ಹಾಡಿನ ಐದನೇ ನಿಮಿಷಕ್ಕೆ ಪಿಯಾನೋ ನಿಲ್ಲುತ್ತದೆ, ಬೇಸ್‌ನವನು ಎರಡೂವರೆ ನಿಮಿಷ ಮಾತಾಡುತ್ತಾನೆ. ಗೆಲ್ಲಬೇಕಾದದ್ದು ಆ ಎರಡೂವರೆ ನಿಮಿಷವನ್ನು. ಇಪ್ಪತ್ತನೆಯ ದಿನವೋ ಏನೋ, ಕಣ್ಣು ಮುಚ್ಚಿ ಬೇಸ್ ಒಂದನ್ನೇ ಹಿಡಿದುಕೊಂಡು ಹೋಗುತ್ತಿದ್ದಾಗ, ಎಕ್ಸ್‌ಚೇಂಜಿನಲ್ಲಿ ತನಗೆ ಮೊದಲ ವಾರ ಕಲಿಸಿದ್ದು ಅವಳಿಗೆ ನೆನಪಾಯಿತು. ಥಟ್ಟನೆ ಎದ್ದು ಕ್ಯಾಲೆಂಡರಿನ ಹಿಂದೆ ಹಾಲ್‌ನ ಕುರ್ಚಿಗಳ ನಕ್ಷೆ ಬರೆದಳು.

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೇ ಮಾರೇನಹಳ್ಳಿಯಿಂದ ಆಟೋ ಹತ್ತಿದಳು. ಹೋದ ಸಲ ಅಂಗೈಯಗಲದ ಬ್ಲೂಟೂತ್ ಸ್ಪೀಕರ್ ತಂದು ಮೋಸಹೋಗಿದ್ದಳು. ಈ ಸಲ ಮನೆಯ ರೆಕಾರ್ಡ್ ಪ್ಲೇಯರ್, ಎರಡು ಮರದ ಸ್ಪೀಕರ್ ಪೆಟ್ಟಿಗೆ, ತೊಡೆಯ ಮೇಲೆ ಸೀರೆಯಲ್ಲಿ ಸುತ್ತಿದ ರೆಕಾರ್ಡ್. "ಆಂಟಿ, ಮನೆ ಖಾಲಿ ಮಾಡ್ತಾ ಇದೀರಾ?" ಎಂದು ಆಟೋದವನು ಕೇಳಿದ. "ಹಂಪ್ ನೋಡ್ಕೊಂಡು ಓಡಿಸಪ್ಪ," ಎಂದಳು ಶಾಂತವ್ವ. ಹಾಲ್‌ನ ಮೆಟ್ಟಿಲು ಇಪ್ಪತ್ತೆರಡು. ಅರವತ್ತಾರು ವರ್ಷದ ಮೊಣಕಾಲಿನಲ್ಲಿ ಮೂರು ಸಲ ಹತ್ತಿ ಇಳಿದಳು, ಆಟೋದವನು ಒಂದು ಪೆಟ್ಟಿಗೆ ಹೊತ್ತುಕೊಟ್ಟ.

ಹತ್ತು ಗಂಟೆಗೆ ಜನ ತುಂಬಿದರು. ಮೇಲೆ ನಾಲ್ಕು ಫ್ಯಾನ್ ಗರಗರ ಎನ್ನುತ್ತಿದ್ದವು. ಗುರುಬಸಪ್ಪನವರು ಎಂದಿನಂತೆ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತರು. ಕಾರ್ಯದರ್ಶಿ ಬಂದವರನ್ನು ಸ್ವಾಗತಿಸಬೇಕಲ್ಲ ಎನ್ನುತ್ತಾರೆ ಅವರು. ಕಾಫಿಗೆ ಅದೇ ಹತ್ತಿರ ಎಂಬುದು ಎಲ್ಲರಿಗೂ ಗೊತ್ತು. ಬೇಗ ಎದ್ದು ಹೋಗುವವರೆಲ್ಲ ಅವರ ಸುತ್ತಲೇ ಕೂರುತ್ತಾರೆ.

ಶಾಂತವ್ವ ಎದ್ದು ನಿಂತಳು.

"ಇದ್ರಲ್ಲಿ ಮೇನ್ ಆರ್ಟಿಸ್ಟ್ ಅಂತ ಯಾರೂ ಇಲ್ಲ. ಮೂರು ಜನ ಮಾತಾಡ್ತಾರೆ. ಮೊದಲು ಮೂರೂ ಜನ ಸೇರಿ ಹಾಡಿನ ಪಲ್ಲವಿ ಹೇಳ್ತಾರೆ, ಆಮೇಲೆ ಒಬ್ಬೊಬ್ಬರು ಅದೇ ಪಲ್ಲವಿ ಮೇಲೆ ತಮಗೆ ತೋಚಿದ್ದು ಹೇಳ್ತಾರೆ, ಕೊನೆಗೆ ಮತ್ತೆ ಪಲ್ಲವಿಗೆ ಬರ್ತಾರೆ. ಇಷ್ಟೇ. ಇವತ್ತು ಎಲ್ಲರೂ ಎಲ್ಲಾನೂ ಕೇಳ್ಬೇಡಿ. ಎಡಗಡೆಯವರು ಡ್ರಮ್ಸ್ ಮಾತ್ರ ಕೇಳಿ. ಲಕ್ಷ್ಮೀಪತಿ ಸಾರ್, ನೀವು ಅಲ್ಲೇ ಇದೀರಲ್ಲ, ಸರಿಹೋಯ್ತು. ಮಧ್ಯದವರು ಪಿಯಾನೋ. ಬಾಗಿಲ ಕಡೆಯವರು ಬೇಸ್."

"ನಮಗೆ ಪಕ್ಕವಾದ್ಯನಾ?" ಎಂದರು ಗುರುಬಸಪ್ಪನವರು ಮೂಗು ಮುರಿದು.

"ನಿಮಗೆ ಎಲ್ಲಕ್ಕಿಂತ ಕಷ್ಟದ್ದು ಸಾರ್. ಎಕ್ಸ್‌ಚೇಂಜ್‌ನಲ್ಲಿ ನಮಗೆ ಮೊದ್ಲು ಕಲಿಸಿದ್ದು ಇದೇ. ಒಂದು ಲೈನ್ ಹಿಡ್ಕೊಂಡ್ರೆ ಬಿಡಬಾರ್ದು. ಪಕ್ಕದ ಲೈನ್ ಎಷ್ಟು ಜೋರಾಗಿದ್ರೂ ಬಿಡಬಾರ್ದು. ಆ ಮನುಷ್ಯ ಈಗ ನಿಮ್ಮ ಕೈಲಿದಾನೆ. ಕಳ್ಕೋಬೇಡಿ."

ರೆಕಾರ್ಡಿನ ಮೇಲೆ ಮುಳ್ಳು ಇಟ್ಟಳು.

ಮೊದಲ ಹಾಡಿನಲ್ಲಿ ಡ್ರಮ್ಸ್‌ನವನು ಕೋಲು ಹಿಡಿಯದೆ ಕುಂಚದಂಥದ್ದರಿಂದ ಸವರುತ್ತಾನೆ, ಮೊರದಲ್ಲಿ ಅಕ್ಕಿ ಕೇರಿದ ಸದ್ದು. ಎಡಗಡೆಯವರ ಮುಖದಲ್ಲಿ ಸಣ್ಣ ನಗು ಕಾಣಿಸಿತು. ಪಿಯಾನೋದವನು ಮೂರು ಸ್ವರ ಹೇಳಿ ಸುಮ್ಮನಾಗುವವ, ಅವಸರವೇ ಇಲ್ಲ. ಬಾಗಿಲ ಕಡೆಯವರು ಮಾತ್ರ ಹುಬ್ಬು ಗಂಟಿಕ್ಕಿ, ಕತ್ತು ಮುಂದೆ ಚಾಚಿ ಕೂತಿದ್ದರು. ಗುರುಬಸಪ್ಪನವರು ಅಂಗೈಯನ್ನು ಕಿವಿಯ ಹಿಂದಿಟ್ಟುಕೊಂಡರು. ಬೇಸ್ ಸಿಗುತ್ತಿಲ್ಲ, ಎಂದುಕೊಂಡಳು ಶಾಂತವ್ವ. ಫ್ಯಾನ್ ನುಂಗುತ್ತಿದೆ.

ಎರಡನೆಯ ಹಾಡು ಬಂತು. ಒಂದು ನಿಮಿಷ, ಎರಡು, ಮೂರು. ಅವಳು ಗಡಿಯಾರ ನೋಡಲಿಲ್ಲ, ಅವಳಿಗೆ ಅದು ಬಾಯಿಪಾಠವಾಗಿತ್ತು. ಹೊರಗೆ ಮೆಟ್ಟಿಲ ಬಳಿ ಪುಟ್ಟಲಕ್ಷ್ಮಿ ಲೋಟ ಜೋಡಿಸುವ ಸದ್ದು. ಕಾಫಿಯ ಘಮ ತೇಲಿ ಬಂತು, ಅದೂ ಸರಿಯಾದ ಹೊತ್ತಿಗೆ. ಪಿಯಾನೋ ಕೊನೆಯ ಸಾಲು ಹೇಳಿ ಕೈ ಎತ್ತಿಕೊಂಡಿತು.

ಮಧ್ಯದ ಸಾಲಿನಲ್ಲಿ ಒಂದು ಕುರ್ಚಿ ಕಿರ್ರೆಂದಿತು. ಬಾಗಿಲ ಕಡೆ ಗುರುಬಸಪ್ಪನವರು ಎದ್ದು ನಿಂತರು.

ಕಾರ್ಯದರ್ಶಿಯೇ ಎದ್ದಮೇಲೆ ಮಿಕ್ಕವರಿಗೆ ಯಾರ ಅಪ್ಪಣೆ ಬೇಕು? ಮುಗಿಯಿತು, ಇನ್ನು ಮುಂದೆ ವಚನ ಗಾಯನ. ವಚನಗಳ ಮೇಲೆ ಶಾಂತವ್ವನಿಗೆ ಪ್ರೀತಿ ಕಡಿಮೆಯೇನಿರಲಿಲ್ಲ, ಆದರೆ ಅವನ್ನು ಕೇಳಿಸಲು ಇಲ್ಲಿ ಮಿಕ್ಕ ಹನ್ನೊಂದು ಜನ ಸದಸ್ಯರಿದ್ದಾರೆ. ಈ ಬೇಸ್‌ನವನಿಗೆ ಇರುವವಳು ತಾನೊಬ್ಬಳೇ.

ಗುರುಬಸಪ್ಪನವರು ಬಾಗಿಲ ಬಳಿ ಹೋಗಿ ಗೋಡೆಯತ್ತ ಕೈ ಚಾಚಿದರು. ಟಕ್. ಟಕ್. ಟಕ್. ಟಕ್. ನಾಲ್ಕೂ ಫ್ಯಾನ್‌ಗಳು ಒಂದೊಂದಾಗಿ ನಿಧಾನವಾದವು, ನಿಂತವು. ತಟ್ಟೆ ಹಿಡಿದು ಒಳಬರುತ್ತಿದ್ದ ಪುಟ್ಟಲಕ್ಷ್ಮಿಗೆ ತುಟಿಯ ಮೇಲೆ ಬೆರಳಿಟ್ಟು ತೋರಿಸಿ, ಬಾಗಿಲನ್ನು ಮೆಲ್ಲಗೆ ಮುಂದೆ ಮಾಡಿದರು. ಅಷ್ಟರಲ್ಲಿ ಎದ್ದು ನಿಂತಿದ್ದ ಇಬ್ಬರ ಕಡೆಗೆ ತಿರುಗಿ ನೋಡಿದ ನೋಟಕ್ಕೆ ಅವರು ಹಾಗೆಯೇ ಕೂತುಬಿಟ್ಟರು.

ಆಗ ಬೇಸ್‌ನವನು ಕೇಳಿಸಿದ. ಬೆರಳು ತಂತಿಯ ಮೇಲೆ ಜಾರುವ ಸದ್ದು, ಎರಡು ಸ್ವರಗಳ ನಡುವೆ ಅವನು ಉಸಿರೆಳೆದುಕೊಂಡದ್ದು, ಪಲ್ಲವಿಯ ತುಣುಕೊಂದನ್ನು ಕೆಳದನಿಯಲ್ಲಿ ನೆನಪಿಸಿಕೊಂಡು ಬೇರೆ ದಾರಿ ಹಿಡಿದದ್ದು. ಏಪ್ರಿಲ್ ಸೆಕೆಯಲ್ಲಿ ಮೂವತ್ತು ಜನ ಬೆವರುತ್ತ ಕೂತರು. ಗುರುಬಸಪ್ಪನವರು ತಮ್ಮ ಕುರ್ಚಿಗೆ ಮರಳಲಿಲ್ಲ. ಸ್ವಿಚ್ಚಿನ ಪಕ್ಕದಲ್ಲೇ ಗೋಡೆಗೊರಗಿ, ಕಣ್ಣು ಮುಚ್ಚಿ, ಎರಡೂವರೆ ನಿಮಿಷ ನಿಂತೇ ಕೇಳಿದರು. ಪಿಯಾನೋ ಮೆಲ್ಲನೆ ಮರಳಿ ಬಂದಾಗ ಅವರು ತಲೆಯನ್ನು ಒಮ್ಮೆ ಅಡ್ಡಡ್ಡ ಆಡಿಸಿದರು. ಇಷ್ಟು ಬೇಗ ಯಾಕೆ ಬಂದೆ ಎಂದು ಪಿಯಾನೋದವನನ್ನು ಗದರಿದ ಹಾಗಿತ್ತು. ಶಾಂತವ್ವನ ಕಣ್ಣು ತುಂಬಿ ಬಂತು. ಸೆರಗಿನಿಂದ ಬೆವರು ಒರೆಸಿಕೊಳ್ಳುವ ನೆಪದಲ್ಲಿ ಅದನ್ನೂ ಒರೆಸಿಕೊಂಡಳು.

ಬದಿ ಮುಗಿಯಿತು, ಚಪ್ಪಾಳೆಯಾಯಿತು, ಫ್ಯಾನ್ ತಿರುಗಿತು. ಜನ ಖಾರಾಬಾತ್ ಕಡೆ ನುಗ್ಗಿದರು. ಡ್ರಮ್ಸ್‌ನವನು ಎಂಟನೇ ಎಣಿಕೆಯಲ್ಲಿ ಬೇಕೆಂದೇ ತಡಮಾಡುತ್ತಾನೆ ಎಂದು ಲಕ್ಷ್ಮೀಪತಿ ಯಾರೊಂದಿಗೋ ಜೋರಾಗಿ ವಾದಿಸುತ್ತಿದ್ದರು. ಗುರುಬಸಪ್ಪನವರು ಮಾತ್ರ ಕಾಫಿಗೆ ಹೋಗದೆ, ದಾಖಲೆ ಪುಸ್ತಕ ಕಂಕುಳಲ್ಲಿಟ್ಟುಕೊಂಡು ಅವಳ ಮೇಜಿನ ಬಳಿ ಬಂದರು. ಅಂಗಿ ಬೆನ್ನಿಗೆ ಅಂಟಿತ್ತು.

"ಮೇಡಂ, ಅವನು ಸಿಕ್ದ," ಎಂದರು. "ಫ್ಯಾನ್ ಆಫ್ ಮಾಡಿದ್ಮೇಲೆ ಸಿಕ್ದ. ಆಮೇಲೆ ನಾನು ಬಿಡ್ಲಿಲ್ಲ."

"ನೋಡಿದೆ ಸಾರ್."

ಅವರು ಪುಸ್ತಕ ಬಿಚ್ಚಿ, ಪೆನ್ನಿನ ಕ್ಯಾಪ್ ತೆಗೆದರು. "ಅವನ ಹೆಸರು ಹೇಳಿ."

ಶಾಂತವ್ವ ರೆಕಾರ್ಡಿನ ಕವರ್ ತಿರುಗಿಸಿ, ಕನ್ನಡಕ ಏರಿಸಿಕೊಂಡು, ಹಿಂದೆ ಟ್ರಂಕ್ ಬೋರ್ಡಿನಲ್ಲಿ ಹೇಳುತ್ತಿದ್ದಂತೆ ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು. ಗುರುಬಸಪ್ಪನವರು ತಪ್ಪಿಲ್ಲದಂತೆ ಬರೆದುಕೊಂಡರು.