ಉಗ್ರಾಣದಲ್ಲಿಟ್ಟ ಬ್ಯಾಟರಿ

ಹಿಮ ಬೀಳುವ ಮೊದಲೇ ಪನಾಸ್ ಕಿಟಕಿಗಳ ಸಂದಿಗೆಲ್ಲ ಹತ್ತಿ ತುರುಕಿ, ಮೇಲೆ ಕಾಗದದ ಪಟ್ಟಿ ಅಂಟಿಸಿದ್ದ. ಹೆಂಡತಿ ಒದಾರ್ಕಾಗೆ ಉಬ್ಬಸ. ಥಂಡಿಗಾಳಿ ಸೋಕಿದರೆ ಅವಳು ಉಳಿಯುವುದಿಲ್ಲ ಎಂದು ಅವನು ನಂಬಿದ್ದ. ಯುದ್ಧ ಬಂದ ಮೇಲೆ ಖಾರ್ಕಿವ್ ನಗರದ ಅವರ ಕಟ್ಟಡದಲ್ಲಿ ದಿನದ ಅರ್ಧ ಹೊತ್ತು ಕರೆಂಟ್ ಇರುತ್ತಿರಲಿಲ್ಲ. ಔಷಧಿಯನ್ನು ಆವಿ ಮಾಡಿಕೊಡುವ ಅವಳ ಯಂತ್ರ ಹಳೆಯ ಕಾರಿನ ಬ್ಯಾಟರಿಯಿಂದ ನಡೆಯುತ್ತಿತ್ತು. ಬ್ಯಾಟರಿಗೂ ಚಳಿಯಾಗಬಾರದೆಂದು ಪನಾಸ್ ಅಡುಗೆಮನೆಯ ಪಕ್ಕದ ಉಗ್ರಾಣದಲ್ಲಿಟ್ಟು, ಕಂಬಳಿ ಹೊದಿಸಿ ಚಾರ್ಜಿಗೆ ಹಾಕುತ್ತಿದ್ದ.

ಆ ಮಧ್ಯಾಹ್ನ ಎದುರು ಮನೆಯ ಸೊಲೊಮಿಯಾ ಬಂದಾಗ ಅವನು ಒಲೆ ಹಚ್ಚಲು ಕಡ್ಡಿಪೆಟ್ಟಿಗೆ ತೆಗೆದಿದ್ದ. ಸೊಲೊಮಿಯಾ ವೈರಿಂಗ್ ಕೆಲಸದವಳು.

“ಮಾಮಾ, ಕಡ್ಡಿ ಗೀರ್ಬೇಡಿ! ಏನಿದು ಕೊಳೆತ ಮೊಟ್ಟೆ ವಾಸನೆ?”

“ನಿಮ್ಮತ್ತೆ ಹಾಕಿದ ಕೋಸಿನ ಉಪ್ಪಿನಕಾಯಿ.”

“ನನ್ನ ಕೋಸನ್ನ ಆಡ್ಕೋಬೇಡ,” ಒಳಗಿಂದ ಒದಾರ್ಕಾ ಕೆಮ್ಮುತ್ತಲೇ ರೇಗಿದಳು.

“ಕೋಸಲ್ಲ, ಬ್ಯಾಟರಿ. ಚಾರ್ಜ್ ಜಾಸ್ತಿಯಾಗಿ ಕುದೀತಿದೆ. ಅದರ ಗ್ಯಾಸಿಗೆ ಒಂದು ಕಿಡಿ ಸಾಕು.”

ಒಳಗಿನ ಸ್ವಿಚ್ಚಿನಿಂದಲೂ ಕಿಡಿ ಹಾರಬಹುದೆಂದು ಸೊಲೊಮಿಯಾ ಮೆಟ್ಟಿಲ ಬಳಿಗೆ ಓಡಿ, ಮೀಟರ್ ಪೆಟ್ಟಿಗೆಯಲ್ಲಿ ಆ ಮನೆಯ ಮೇನ್ ಸ್ವಿಚ್ ಆರಿಸಿ ಬಂದಳು.

“ಈಗ ಕಿಟಕಿ ತೆಗೀರಿ.”

“ಈ ಚಳೀಲಾ? ಅವಳು ಸತ್ತೋಗ್ತಾಳೆ! ನಲವತ್ತು ವರ್ಷ ಬಸ್ ಓಡಿಸ್ದೋನಿಗೆ ನೀನು ಬ್ಯಾಟರಿ ಪಾಠ ಹೇಳ್ತೀಯಾ?”

“ಬಸ್ಸಿನ ಬ್ಯಾಟರಿ ಬಯಲಲ್ಲಿರ್ತಿತ್ತು ಮಾಮಾ, ಇಲ್ಲಿ ಗ್ಯಾಸ್ ಒಳಗೇ ತುಂಬಿದೆ. ನನ್ನ ಜೊತೆ ಕೆಲಸ ಮಾಡ್ತಿದ್ದ ಯುಖಿಮ್, ಚಾರ್ಜ್ ಆಗ್ತಿರೋವಾಗ್ಲೇ ಕ್ಲಿಪ್ ಕಿತ್ತ. ಕಿಡಿ ಹಾರಿ ಬ್ಯಾಟರಿ ಸಿಡಿದು ಆಸಿಡ್ ಮುಖಕ್ಕೆ ಬಿತ್ತು. ಈಗ ಅವನಿಗೆ ಒಂದೇ ಕಣ್ಣು.”

ಒದಾರ್ಕಾ ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದಿದ್ದಳು.

“ಇಷ್ಟು ದಿನ ಆ ಗ್ಯಾಸ್ ಕುಡಿದದ್ದು ನನ್ನ ಎದೆ ಕಣೋ. ತೆಗಿ ಕಿಟಕಿ.”

ತಾನೇ ಅಂಟಿಸಿದ ಕಾಗದವನ್ನು ಪನಾಸ್ ಉಗುರಿನಿಂದ ಕೆರೆದು ಕಿತ್ತ. ಚಳಿ ನುಗ್ಗಿತು. ಸೊಲೊಮಿಯಾ ಒದಾರ್ಕಾಗೆ ಕುರಿಯ ತುಪ್ಪಳದ ಕೋಟು ಹೊದಿಸಿ ತನ್ನ ಮನೆಗೆ ಕರೆದೊಯ್ದಳು.

ಉಬ್ಬಿಹೋಗಿದ್ದ ಆ ಬ್ಯಾಟರಿಯನ್ನು, ತಣ್ಣಗಾಗಲೆಂದು, ಮಾರನೆಯ ದಿನದವರೆಗೆ ಯಾರೂ ಮುಟ್ಟಲಿಲ್ಲ. ಈಗ ಬೇರೆ ಬ್ಯಾಟರಿ ಗಾಜು ಮುಚ್ಚಿದ ಬಾಲ್ಕನಿಯಲ್ಲಿದೆ. ತುಂಬಿದ ಕೂಡಲೇ ತಾನಾಗಿ ನಿಲ್ಲುವ ಚಾರ್ಜರ್ ಇದೆ. ಚಾರ್ಜ್ ಆಗುವಷ್ಟು ಹೊತ್ತೂ ಬಾಲ್ಕನಿಯ ಕಿಟಕಿ ತೆರೆದಿರುತ್ತದೆ, ಒದಾರ್ಕಾ ಎದುರು ಮನೆಯಲ್ಲಿರುತ್ತಾಳೆ.

ನಿಮ್ಮ ಮನೆಯ ಕಾರಿನ, ಇನ್ವರ್ಟರಿನ ಬ್ಯಾಟರಿ ಎಲ್ಲಿದೆ? ಎದ್ದು ಹೋಗಿ ನೋಡಿ. ಮಲಗುವ ಕೋಣೆಯಲ್ಲೋ ಮುಚ್ಚಿದ ಬೀರುವಿನಲ್ಲೋ ಇದ್ದರೆ, ಚಾರ್ಜರ್ ಆರಿಸಿ, ತಣ್ಣಗಾದ ಮೇಲೆ ಗಾಳಿಯಾಡುವ ಕಡೆಗೆ ಸಾಗಿಸಿ. ಹತ್ತಿರ ದೀಪ, ಬೀಡಿ ಬೇಡ. ಮೊದಲು ಸ್ವಿಚ್ ಆರಿಸಿ, ಆಮೇಲೆ ಕ್ಲಿಪ್ ತೆಗೆಯಿರಿ. ಆಸಿಡ್ ತಗುಲಿದರೆ ಹರಿಯುವ ನೀರಿನಲ್ಲಿ ಕಾಲು ಗಂಟೆಗೂ ಹೆಚ್ಚು ತೊಳೆದು ಆಸ್ಪತ್ರೆಗೆ ಹೋಗಿ. ವಾಸನೆ ಬಂದಾಗ ನೋಡೋಣ ಎಂದು ಕೂರಬೇಡಿ. ಕೊಳೆತ ವಾಸನೆ ಬರುವುದು ಬ್ಯಾಟರಿ ಕೆಟ್ಟು ಕುದಿದಾಗ; ಅದಕ್ಕೂ ಮೊದಲೇ ತುಂಬಿಕೊಳ್ಳುವ, ಸಿಡಿಯುವ ಹೈಡ್ರೋಜನ್ ಗ್ಯಾಸಿಗೆ ವಾಸನೆಯೇ ಇಲ್ಲ.