ಸದ್ದಡಗಿದ ಬಾಗಿಲುಗಳು

ಬಚ್ಚಲ ಬಾಗಿಲು ಕಿರುಗುಟ್ಟುವುದನ್ನು ನಿಲ್ಲಿಸಿದೆ ಎಂಬುದು ಹೆದರುವಂಥ ವಿಷಯವೇ? ಯಾರಿಗಾದರೂ ಹೇಳಿದರೆ ನಕ್ಕಾರು. ಡಿಗ್ರಿ ಮುಗಿಸಿದ ಹುಡುಗಿ, ಬಾಗಿಲು ಸರಿಯಾಯಿತೆಂದು ನಿದ್ದೆಗೆಟ್ಟಿದ್ದಾಳೆ ಎಂದಾರು. ಹಾಗಾಗಿ ಡೈರಿಗೆ ಮಾತ್ರ ಹೇಳಿಕೊಂಡೆ. ಬರೆದ ಮೇಲೂ ಹೆದರಿಕೆ ಇಳಿಯಲಿಲ್ಲ.

ಅಪ್ಪ ಮನೆ ಬಿಟ್ಟು ಹೋದ ಮೇಲೆ ನಮ್ಮ ಬಾಗಿಲುಗಳು ಒಂದೊಂದಾಗಿ ಬಾಯಿ ಮುಚ್ಚತೊಡಗಿದ್ದವು. ಮೊದಲು ಬಚ್ಚಲದ್ದು. ಆಮೇಲೆ, ಎಳೆದರೆ ಅರ್ಧಕ್ಕೇ ಸಿಕ್ಕಿಕೊಳ್ಳುತ್ತಿದ್ದ ಅಡುಗೆಮನೆಯ ಡ್ರಾಯರು ಬೆರಳು ತಾಗಿಸಿದರೆ ಸಾಕು, ಜಾರಿ ಬರತೊಡಗಿತು. ಅಮ್ಮ ಕನ್ನಡಕದಂಗಡಿಯಲ್ಲಿ ಗಾಜು ಉಜ್ಜುವ ಕೆಲಸಕ್ಕೆ ಹೋಗುತ್ತಾಳೆ. ನಾನು ಗ್ರಂಥಾಲಯದಲ್ಲಿ ಕೂತು ಕೆಲಸಗಳಿಗೆ ಅರ್ಜಿ ಬರೆಯುತ್ತೇನೆ. ಹಗಲೆಲ್ಲ ಮನೆಗೆ ಬೀಗ. ಸಂಜೆ ಬಂದು ನೋಡಿದರೆ ಇನ್ನೊಂದು ಸದ್ದು ಸತ್ತಿರುತ್ತದೆ.

ಇದು ಯಾರ ಕೆಲಸವೆಂಬ ಬಗ್ಗೆ ಅಮ್ಮನಿಗೆ ಅನುಮಾನವೇ ಇರಲಿಲ್ಲ.

"ನಿಮ್ಮಜ್ಜಿ," ಎಂದಳು.

ಅಜ್ಜಿ ಎಂದರೆ, ಬೀಗ ರಿಪೇರಿಯ ಅಂಗಡಿ ಇಟ್ಟಿರುವ ಅಪ್ಪನ ಅಮ್ಮ. ಹಿಂದಿನ ಕೋಣೆಯಲ್ಲಿ ಮಲಗಿದಲ್ಲೇ ತೀರಿಕೊಂಡವಳು. ಇದ್ದಷ್ಟು ದಿನವೂ ಅವಳಿಗೆ ಸದ್ದೆಂದರೆ ಆಗುತ್ತಿರಲಿಲ್ಲ. ಅಮ್ಮ ಕಪಾಟಿನ ಬಾಗಿಲು ಹಾಕುವುದೇ ತಡ, ಒಳಗಿನಿಂದ "ಮನೇಲಿ ಮನುಷ್ಯರಿದೀವಿ ಕಣೇ!" ಎಂಬ ಕೂಗು ಬರುತ್ತಿತ್ತು.

"ಮಗ ಹೋದ, ಸೊಸೆ ಉಳ್ಕೊಂಡ್ಲು ಅಂತ ಅವ್ರಿಗೆ ಹೊಟ್ಟೆ ಉರಿ. ಆಗ ಬಾಯಲ್ಲಿ ಹೇಳೋರು, ಈಗ ಕೈಯಲ್ಲಿ ಮಾಡಿ ತೋರಿಸ್ತಿದಾರೆ."

"ದೆವ್ವಕ್ಕೆ ಡ್ರಾಯರ್ ರಿಪೇರಿ ಬರುತ್ತೇನಮ್ಮ?"

"ಬೀಗದವನನ್ನ ಹೆತ್ತ ದೆವ್ವ ಅದು. ಬರದೆ ಏನು?"

ಇಬ್ಬರೂ ನಕ್ಕೆವು. ನಕ್ಕು ಮುಗಿದ ಮೇಲೆ ಅಮ್ಮ ತಟ್ಟೆ ಎತ್ತಿಕೊಂಡು ಹೋಗಿ ಗೋಡೆಗೆ ಬೆನ್ನು ಆನಿಸಿ ಕೂತಳು. ಅಂದಿನಿಂದ ಹಿಂದಿನ ಕೋಣೆಗೆ ಬೆನ್ನು ಹಾಕಿ ಕೂತದ್ದೇ ಇಲ್ಲ.

ಮನೆ ಅಪ್ಪ ಅಮ್ಮ ಇಬ್ಬರ ಹೆಸರಿನಲ್ಲಿದೆ. ವಿಚ್ಛೇದನದ ಜೊತೆಗೇ ಅದರ ಪಾಲೂ ತೀರ್ಮಾನವಾಗಬೇಕು. ಮೊದಮೊದಲು "ನನ್ನ ಪಾಲು ಒಂದು ಇಟ್ಟಿಗೆನೂ ಬಿಡಲ್ಲ" ಎನ್ನುತ್ತಿದ್ದ ಅಮ್ಮ, ನಿನ್ನೆ ವಕೀಲಮ್ಮನ ಕಚೇರಿಯಲ್ಲಿ ಕೈಚೀಲವನ್ನು ಎದೆಗೆ ಒತ್ತಿಕೊಂಡು, "ಅವ್ರು ಎಷ್ಟು ಕೊಡ್ತಾರೋ ಅಷ್ಟು ಕೊಡ್ಲಿ ಮೇಡಂ. ನಂಗೆ ಆ ಮನೆ ಬೇಡ," ಎಂದಳು.

ವಕೀಲಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಈ ಗಾಜು ಉಜ್ಜಿ ಕೊಟ್ಟೋರು ನೀವು. ನಿಮಗೇ ಕಾಣ್ತಿಲ್ವಲ್ಲಮ್ಮ! ಮನೆ ಸಾಲದ ಕಂತು ನಿಮ್ಮ ಸಂಬಳದಿಂದಲೂ ಹೋಗಿದೆ. ಅರ್ಧ ನಿಮ್ಮ ಹಕ್ಕು. ಅವ್ರು ಕಾಲು ಭಾಗದ ಬೆಲೆ ಕೊಡ್ತೀನಿ ಅಂತಿದಾರೆ. ನಾಳೆ ರಾಜಿ ಒಪ್ಪಂದಕ್ಕೆ ಸಹಿ ಬಿತ್ತು ಅಂದ್ರೆ ಮುಗೀತು, ಆಮೇಲೆ ಅತ್ತರೂ ವಾಪಸ್ ಬರಲ್ಲ."

"ಹಾಗಾದ್ರೆ ಧೈರ್ಯಕ್ಕಾದ್ರೂ ಬೀಗ ಬದಲಾಯಿಸ್ಲಾ?"

"ತೀರ್ಮಾನ ಆಗೋ ತನಕ ಬೇಡ. ಹೆಂಡತಿ ಹೊರಗೆ ಹಾಕಿದ್ಲು ಅಂತಾರೆ. ಮುಂಚೆ ತಿಳಿಸದೆ ಮನೆಗೆ ಬರಲ್ಲ ಅಂತ ಅವ್ರೂ ಒಪ್ಕೊಂಡಿದಾರಲ್ಲ?"

"ಅವ್ರ ಭಯ ಅಲ್ಲ ಮೇಡಂ. ಮಾತು ಕೊಟ್ರೆ ತಪ್ಪೋರಲ್ಲ ಅವ್ರು. ಅದೊಂದು ಗುಣ ಇದೆ."

ಬೇರೆಯಾಗಲು ಹೊರಟವಳ ಬಾಯಲ್ಲಿ ಗಂಡನ ಬಗ್ಗೆ ಒಳ್ಳೆಯ ಮಾತು ಕೇಳಿ ವಕೀಲಮ್ಮ ನನ್ನ ಮುಖ ನೋಡಿದರು. ನಾನು ಎಂದಿನಂತೆ ನೆಲ ನೋಡಿದೆ.

ಸಂಜೆ ಮನೆಗೆ ಬಂದಾಗ ಹಿಂದಿನ ಕೋಣೆಯ ಬಾಗಿಲೂ ಮೂಕವಾಗಿತ್ತು. ಅಮ್ಮ ಅದನ್ನು ತಳ್ಳಿದವಳು ಹಾಗೇ ಹಿಂದೆ ಸರಿದು, ಸೆರಗಿನಲ್ಲಿ ಕೈ ಒರೆಸಿಕೊಂಡು ಬಟ್ಟೆಗಳನ್ನು ಪೆಟ್ಟಿಗೆಗೆ ತುಂಬತೊಡಗಿದಳು. ನಾನು ಬಾಗಿಲ ಬಳಿ ಕುಕ್ಕರಗಾಲಿನಲ್ಲಿ ಕೂತು, ಮೊದಲ ಸಲ, ಕೀಲನ್ನು ಸರಿಯಾಗಿ ನೋಡಿದೆ. ಎಣ್ಣೆ ಹಾಕಿ, ಹೆಚ್ಚಾದದ್ದನ್ನು ಬಟ್ಟೆಯಿಂದ ಒರೆಸಲಾಗಿತ್ತು. ಸ್ಕ್ರೂಗಳನ್ನು ಬಿಗಿ ಮಾಡಲಾಗಿತ್ತು. ಅವುಗಳ ತಲೆಯ ಮೇಲಿನ ಗೀರುಗಳೆಲ್ಲ ಸಾಲಾಗಿ ಮೇಲಿಂದ ಕೆಳಕ್ಕೆ ನೆಟ್ಟಗೆ ನಿಂತಿದ್ದವು.

"ಗೀರು ನೆಟ್ಟಗಿದ್ರೆ ಧೂಳು ಕೂರಲ್ಲ ಪುಟ್ಟಿ." ಚಿಕ್ಕವಳಿದ್ದಾಗ ಅಂಗಡಿಯ ಕಟ್ಟೆಯ ಮೇಲೆ ಕೂರಿಸಿಕೊಂಡು ಅಪ್ಪ ಹೇಳಿಕೊಟ್ಟದ್ದು. ಬೇರೆ ಯಾವ ಬೀಗದವನೂ ಅಷ್ಟು ತಾಳ್ಮೆ ತೋರುವುದಿಲ್ಲ.

ಅಪ್ಪ ಬರುತ್ತಿದ್ದ. ನಾವಿಲ್ಲದ ಹೊತ್ತಿನಲ್ಲಿ, ತಾನೇ ಕೂರಿಸಿದ ಬೀಗವನ್ನು ತನ್ನದೇ ಕೀಲಿಯಿಂದ ತೆಗೆದು. ಏನು ಹುಡುಕಿ ಬರುತ್ತಿದ್ದನೋ ತಿಳಿಯದು. ಬಂದವನು ಸುಮ್ಮನೆ ಹೋಗಬಹುದಿತ್ತು. ಕಿರುಗುಟ್ಟುವ ಕೀಲನ್ನು ಹಾಗೇ ಬಿಟ್ಟು ಹೋಗಲು ಅವನಿಂದಾಗಲಿಲ್ಲ.

ಅಮ್ಮನಿಗೆ ಹೇಳಬೇಕೆಂದು ಎದ್ದೆ. ಹೇಳಿದರೆ ಅಪ್ಪ ಎಲ್ಲರೆದುರು ಮಾತು ತಪ್ಪಿದವನಾಗುತ್ತಾನೆ. ಹೇಳದಿದ್ದರೆ ಅಮ್ಮನ ಅರ್ಧ ಮನೆ ಹೋಗುತ್ತದೆ. ಅವಳ ಹೆಗಲ ಹಿಂದೆ ನಿಂತು, "ಸೀರೆ ಮಡಿಸಿ ಕೊಡ್ಲಾ?" ಎಂದೆ. ಅಷ್ಟೇ ಹೊರಬಂದದ್ದು.

ಬೆಳಿಗ್ಗೆ ಮಧ್ಯಸ್ಥಿಕೆಯ ಕೋಣೆಯಲ್ಲಿ ಅಪ್ಪ ಮೇಜಿನ ಆಚೆ ಕೂತಿದ್ದ. ಅಂಗಿಗೆ ತಾನೇ ಇಸ್ತ್ರಿ ಹಾಕಿಕೊಂಡಿರಬೇಕು, ಕಾಲರ್ ಮುದುಡಿತ್ತು. ನನ್ನನ್ನು ನೋಡಿ ನಗಲು ನೋಡಿದ. ನಡುವೆ ಕೂತ ಹಿರಿಯರು ಒಪ್ಪಂದವನ್ನು ಅಮ್ಮನ ಮುಂದಕ್ಕೆ ಸರಿಸಿದರು.

"ಯಾರ ಒತ್ತಾಯ, ಹೆದರಿಕೆ ಇಲ್ದೆ ಸಹಿ ಮಾಡ್ತಿದೀರಾ ಅಮ್ಮ?"

"ಒತ್ತಾಯ ಯಾರದ್ದೂ ಇಲ್ಲ."

"ಹೆದರಿಕೆ?"

ಅಮ್ಮ ಹಾಳೆಯಿಂದ ಕಣ್ಣು ಎತ್ತಿದಳು. "ಆ ಮನೇಲಿ ಯಾರೋ ಓಡಾಡ್ತಾರೆ ಸರ್. ಇವ್ರಮ್ಮನೇ ಇರ್ಬೇಕು. ರಾತ್ರಿ ಕಣ್ಣು ಮುಚ್ಚಕ್ಕಾಗಲ್ಲ. ನಂಗೆ ಅಲ್ಲಿಂದ ಹೊರಗೆ ಬಂದ್ರೆ ಸಾಕು."

ಅಪ್ಪ ಥಟ್ಟನೆ ತಲೆಯೆತ್ತಿದ. ಅವನಿಗೆ ಇದು ಗೊತ್ತಿರಲಿಲ್ಲವೆಂದು ಮುಖವೇ ಹೇಳಿತು. ಈಗ ಹೇಳುತ್ತಾನೆ, ಈಗ ಹೇಳಿಯೇ ಹೇಳುತ್ತಾನೆ ಎಂದು ಕಾದೆ. ಅವನ ತುಟಿ ತೆರೆಯಿತು. ಆಮೇಲೆ ಒಪ್ಪಂದದ ಹಾಳೆ ನೋಡಿದ, ತುಟಿ ಮುಚ್ಚಿಕೊಂಡಿತು.

ಗುಮಾಸ್ತೆ ಒಳಗೆ ಬಂದಳು. ಅವಳ ಹಿಂದೆ ಬಾಗಿಲು ಉದ್ದಕ್ಕೆ ಕಿರುಗುಟ್ಟಿತು. ಅಪ್ಪನ ಕೈ ತಾನಾಗಿಯೇ ಅಂಗಿಯ ಜೇಬಿಗೆ, ಸದಾ ಅಲ್ಲಿರುವ ಎಣ್ಣೆಯ ಪುಟ್ಟ ಡಬ್ಬಿಗೆ ಹೋಯಿತು. ನಾನು ನೋಡುತ್ತಿರುವುದು ಕಂಡದ್ದೇ ಕೈ ಅಲ್ಲೇ ನಿಂತಿತು. ಬೇಡ ಪುಟ್ಟಿ, ಎನ್ನುವಂತೆ ನೋಡಿದ.

ಅಮ್ಮ ಪೆನ್ನಿನ ಮುಚ್ಚಳ ತೆಗೆದಿದ್ದಳು. ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ನಿಂತೆ. ಅದರ ಕಾಲು ನೆಲಕ್ಕೆ ಉಜ್ಜಿ ಕರ್ಕಶವಾಗಿ ಕೂಗಿತು, ಎಲ್ಲರೂ ನನ್ನ ಕಡೆ ತಿರುಗಿದರು.

"ಅದು ಅಜ್ಜಿ ಅಲ್ಲಮ್ಮ," ಎಂದೆ. "ಅಪ್ಪ."