ಎಲ್ಡನ್ ಹಕಾಲನ ಹದಿನಾಲ್ಕು ಗೆರೆಗಳು

ಎಲ್ಡನ್ ಹಕಾಲ ತನ್ನ ಕೈಯಾರೆ ಕಟ್ಟಿದ ಕರೆಂಟು ಅಳೆಯುವ ಪೆಟ್ಟಿಗೆ ಎಂಥದ್ದೆಂದರೆ, ಪಕ್ಕದ ಮನೆಯ ನಾಯಿ ನಿದ್ದೆಯಲ್ಲಿ ಬಾಲ ಅಲ್ಲಾಡಿಸಿದರೂ ಅದಕ್ಕೆ ಎಷ್ಟು ವಾಟ್ ಖರ್ಚಾಯಿತೆಂದು ಪರದೆಯ ಮೇಲೆ ಬರುತ್ತಿತ್ತು. ಹ್ಯಾಂಕಾಕ್ ಊರಿನಲ್ಲಿ ಇದನ್ನು ನಂಬದವರೇ ಇರಲಿಲ್ಲ. ಆ ನಾಯಿ ನಂಬಲಿಲ್ಲ, ಎಲ್ಡನ್‌ನ ಹೆಂಡತಿ ಮಾರ್ಲಿಸ್ ನಂಬಲಿಲ್ಲ, ಎದುರುಮನೆಯ ರೂಡಿ ಪೆರೋನ ನಂಬಲಿಲ್ಲ, ಆಮೇಲೆ ಉಳಿದ ಊರಿನವರು ನಂಬಲಿಲ್ಲ, ಅಷ್ಟೆ.

ನಲವತ್ತು ವರ್ಷ ಶಾಲೆಯ ಬಸ್ಸು ಓಡಿಸಿ, ಮನೆಯೆತ್ತರದ ಹಿಮವನ್ನು ಹಾರನ್ ಹೊಡೆದೇ ಕರಗಿಸಿದವನು ಎಲ್ಡನ್. ನಿವೃತ್ತನಾದ ಮೇಲೆ ನೆಲಮಾಳಿಗೆಯ ಫ್ಯೂಸ್ ಪೆಟ್ಟಿಗೆ ಬಿಚ್ಚಿ, ಹದಿನಾಲ್ಕು ತಂತಿಗಳಿಗೂ ಬಟ್ಟೆ ಒಣಹಾಕುವ ಕ್ಲಿಪ್ಪಿನಂಥ ಒಂದೊಂದು ಕ್ಲಿಪ್ಪು ಕಚ್ಚಿಸಿದ. ಅಡುಗೆಮನೆಯ ಹಳೆಯ ಕಂಪ್ಯೂಟರಿನಲ್ಲಿ ಹದಿನಾಲ್ಕು ಬಣ್ಣದ ಗೆರೆಗಳು ಎದ್ದವು: ಒಲೆ, ಫ್ರಿಜ್ಜು, ಗ್ಯಾರೇಜು, ಸೌನಾ, ಹೀಗೆ.

ಇಷ್ಟೆಲ್ಲ ಮಾಡಿದ್ದು ಆ ಸೌನಾಕ್ಕಾಗಿಯೇ. ನೆಲಮಾಳಿಗೆಯ ಅರ್ಧ ಜಾಗ ಆ ಹಲಗೆಯ ಬಿಸಿಕೋಣೆಗೇ ಹೋಗಿತ್ತು. ಎಲ್ಡನ್‌ಗೆ ಅಲ್ಲಿ ತನ್ನ ಕೆಲಸದ ಮೇಜು ಬೇಕಿತ್ತು. ಮಾರ್ಲಿಸ್‌ಗೆ ಶನಿವಾರ ಕಾದ ಕಲ್ಲುಗಳ ಮೇಲೆ ನೀರು ಸುರಿದು ಹಬೆಯಲ್ಲಿ ಕೂರದಿದ್ದರೆ ಆ ವಾರ ಮುಗಿಯುತ್ತಲೇ ಇರಲಿಲ್ಲ.

"ಮನೆ ಕರೆಂಟನ್ನೆಲ್ಲ ಕುಡೀತಿರೋದು ನಿನ್ನ ಸೌನಾ ಕಣೇ."

"ಹಾಗಾ? ಭಾನುವಾರದಿಂದ ಒಂದು ವಾರ ಅಳೆದು ನೋಡು. ಯಾವುದು ಜಾಸ್ತಿ ಕುಡಿಯುತ್ತೋ ಅದು ಮನೆಯಿಂದ ಆಚೆ. ಯಾವುದಾದ್ರೂ ಸರಿ."

ರೂಡಿಯ ಎದುರಿಗೇ ಇಬ್ಬರೂ ಕೈಕುಲುಕಿದರು.

ಮಂಗಳವಾರ ಪರದೆ ನೋಡಿದ ಎಲ್ಡನ್ ಕಾಫಿ ಅರ್ಧಕ್ಕೇ ಬಿಟ್ಟು ಎದ್ದ. ಹೊರಗೆ ಹೋಗಿ ಗ್ಯಾರೇಜಿನಲ್ಲಿ ಇಣುಕಿ ಬಂದ. ತಲೆ ಕೆರೆದುಕೊಂಡ. ಆಮೇಲೆ ಕಂಪ್ಯೂಟರಿನ ಮುಂದೆ ಕೂತು ಎರಡು ನಿಮಿಷ ಏನೋ ಕುಟ್ಟಿದ. ಎದ್ದಾಗ ಮುಖ ಜೂನ್ ತಿಂಗಳ ಲೈಲಾಕ್ ಹೂವಿನಂತೆ ಅರಳಿತ್ತು.

ಶನಿವಾರ ಮಧ್ಯಾಹ್ನ ಹೆಗಲಿಗೆ ಟವೆಲ್ ಹಾಕಿಕೊಂಡು ರೂಡಿ ಬಂದ. ಮಾರ್ಲಿಸ್ ಕಾಫಿ, ಏಲಕ್ಕಿ ಬ್ರೆಡ್ಡು ಇಟ್ಟಳು. ಎಲ್ಡನ್ ನ್ಯಾಯಾಧೀಶನ ಗತ್ತಿನಲ್ಲಿ ಪರದೆ ತಿರುಗಿಸಿದ.

"ನೋಡ್ಕೊಳ್ಳಿ. ಕೆಂಪು ಗೆರೆ, ಸೌನಾ. ಹಗಲೂ ರಾತ್ರಿ ಒಂದೇ ಸಮ ಹೀರ್ತಾ ಇದೆ."

ಮಾರ್ಲಿಸ್ ಕನ್ನಡಕ ಏರಿಸಿದಳು. "ಬುಧವಾರ ಸೌನಾದಲ್ಲಿ ಕೂತಿದ್ದೋರು ಯಾರಪ್ಪಾ? ನಾನಂತೂ ಅಲ್ಲ."

"ಆಫ್ ಮಾಡಿದ್ರೂ ಅದು ಒಳಗೊಳಗೇ ಕುಡಿಯುತ್ತೆ. ಸೌನಾದ ಒಲೆ ಹಳೇದು ನೋಡು."

"ಓಹೋ," ಎಂದು ಅವಳು ನೆಲಮಾಳಿಗೆಗೆ ಇಳಿದಳು. ಕೆಳಗೆ ಸೌನಾದ ಸ್ವಿಚ್ಚು ಟಕ್ಕೆಂದ ಸದ್ದು. ಪರದೆಯಲ್ಲಿ ಕೆಂಪು ಗೆರೆ ಇದ್ದಲ್ಲೇ ಇತ್ತು. 'ಗ್ಯಾರೇಜು' ಎಂದು ಬರೆದಿದ್ದ ನೀಲಿ ಗೆರೆ ಮಾತ್ರ ರಾಕೆಟ್ಟಿನಂತೆ ಮೇಲೆ ಚಿಮ್ಮಿತು.

"ಲೋ ಎಲ್ಡನ್, ನಿನ್ನ ಗ್ಯಾರೇಜಿಗೆ ಬೆಂಕಿ ಬಿತ್ತೇನೋ?" ಎಂದ ರೂಡಿ.

"ಅದು... ಒಂದೊಂದ್ಸಲ ಹಂಗೆ..."

"ಈಗ ಆಫ್ ಮಾಡ್ದೆ!" ಕೆಳಗಿನಿಂದ ಮಾರ್ಲಿಸ್ ಕೂಗಿದಳು. ನೀಲಿ ಗೆರೆ ದೊಪ್ಪನೆ ಬಿತ್ತು. "ಈಗ ಆನ್!" ಮತ್ತೆ ಚಿಮ್ಮಿತು.

ರೂಡಿ ಬ್ರೆಡ್ಡು ಜಗಿಯುತ್ತಲೇ ಗ್ಯಾರೇಜಿಗೆ ನಡೆದ. ಎಲ್ಡನ್‌ನ ಹಳೆಯ ಪಿಕಪ್ ಗಾಡಿಯ ಮೂತಿಯಿಂದ ಹಳದಿ ವೈರೊಂದು ಗೋಡೆಯ ಪ್ಲಗ್ಗಿಗೆ ಹೋಗಿತ್ತು. ಚಳಿಗಾಲದಲ್ಲಿ ಎಂಜಿನ್ನು ಹೆಪ್ಪುಗಟ್ಟದಂತೆ ಬಿಸಿ ಮಾಡುವ ವೈರು. ಮುಟ್ಟಿದರೆ ಎಂಜಿನ್ನು ದೋಸೆ ಹುಯ್ಯುವಷ್ಟು ಕಾದಿತ್ತು. ರೂಡಿ ಎಳೆದು ಕಿತ್ತ.

"ಕೆಂಪು ಬಿತ್ತು!" ಅಷ್ಟರಲ್ಲಿ ಮೇಲೆ ಬಂದಿದ್ದ ಮಾರ್ಲಿಸ್ ಅಡುಗೆಮನೆಯ ಕಿಟಕಿಯಿಂದ ಕೂಗಿದಳು. ಆಮೇಲೆ ಗಂಡನ ಕಡೆ ತಿರುಗಿ, ಸೊಂಟಕ್ಕೆ ಕೈಕೊಟ್ಟು ನಿಂತಳು. "ಹೇಳು."

"ಅಕ್ಟೋಬರಲ್ಲಿ ಹಾಕಿದ್ದು. ತೆಗೆಯೋದು ಮರ್ತೇಹೋಗಿತ್ತು."

"ಗೊತ್ತಾಗಿದ್ದು ಯಾವಾಗ?"

"ಮಂಗಳವಾರ. ಕಿತ್ತಿದ್ರೆ ಗೆರೆ ಬೀಳೋದು, ನಿಂಗೆ ಗೊತ್ತಾಗೋದು. ಅದಕ್ಕೇ ಎರಡು ಗೆರೆಗಳ ಹೆಸರು ಅದಲುಬದಲು ಮಾಡ್ಬಿಟ್ಟೆ."

"ಪೆಟ್ಟಿಗೆ ಯಾವತ್ತೂ ಸುಳ್ಳು ಹೇಳಲ್ಲ ಅಂತಿದ್ದೆ?"

"ಅದು ಹೇಳಲಿಲ್ಲ ಕಣೇ. ನಾನು ಹೇಳಿದ್ದು."

ಮಾರ್ಲಿಸ್ ಅಂಗೈ ಚಾಚಿದಳು. ಎಲ್ಡನ್ ನಿಟ್ಟುಸಿರುಬಿಟ್ಟು ಪಿಕಪ್ಪಿನ ಕೀಲಿಯನ್ನು ಅದರಲ್ಲಿಟ್ಟ. ಬಾಗಿಲಲ್ಲಿ ರೂಡಿ ನಗು ತಡೆಯಲಾಗದೆ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡಿದ್ದ.

"ಈಗ ನಿಜ ಹೇಳು. ನನ್ನ ಸೌನಾ ವಾರಕ್ಕೆ ಎಷ್ಟು ಕುಡಿಯುತ್ತೆ?"

ಎಲ್ಡನ್ ಪರದೆಯ ಲೆಕ್ಕ ನೋಡಿದ.

"ಪಿಕಪ್ಪು ಒಂದೂವರೆ ದಿನಕ್ಕೆ ಕುಡಿಯೋವಷ್ಟೂ ಇಲ್ಲ."